ಅದಲುಬದಲಿನ ಅಂಗಡಿ: ಮಕ್ಕಳ ಒಂದು ಶನಿವಾರದ ಕಾರ್ಯಕ್ರಮದ ಇತಿಹಾಸ

ಪಾಠದ ಉದ್ದೇಶ

ಹಿರಿಯ ಪ್ರಾಥಮಿಕ ಹಾಗೂ ಪ್ರೌಢ ತರಗತಿಗಳಲ್ಲಿ ಸಮೂಹ ಮಾಧ್ಯಮಗಳನ್ನು ಕುರಿತ ಪಾಠ ಬಂದಾಗ, ಸಾಮಾನ್ಯವಾಗಿ ಯಂತ್ರವನ್ನು ಯಾರು ಕಂಡುಹಿಡಿದರು, ಪ್ರಸಾರ ಯಾವ ವರ್ಷ ಆರಂಭವಾಯಿತು, ಅದರ ಉಪಯೋಗ ಮತ್ತು ದುರುಪಯೋಗಗಳೇನು ಎಂಬಲ್ಲಿಗೆ ಪಾಠ ಮುಗಿಯುತ್ತದೆ. ದೂರದರ್ಶನದ ಮುಂದೆ ಕುಳಿತ ಮಗು ಕೇವಲ ನೋಡುವವನೇ, ಅಥವಾ ಮಾತನಾಡುವವನೂ ಹೌದೇ ಎಂಬ ಪ್ರಶ್ನೆ ಅಪರೂಪವಾಗಿ ಏಳುತ್ತದೆ. ಈ ಪ್ರಶ್ನೆಯನ್ನು ಐವತ್ತು ವರ್ಷಗಳ ಹಿಂದೆ ಗಂಭೀರವಾಗಿ ಕೈಗೆತ್ತಿಕೊಂಡ ಒಂದು ಕಾರ್ಯಕ್ರಮದ ಇತಿಹಾಸ ಇಲ್ಲಿದೆ. ಕಾರ್ಯಕ್ರಮ ಬ್ರಿಟನ್ನಿನದು, ಭಾಷೆ ಇಂಗ್ಲಿಷ್. ಆದರೆ ಅದು ಎತ್ತಿದ ಪ್ರಶ್ನೆ ಗಡಿಯಾಚೆಯ ಕನ್ನಡ ಶಾಲೆಯ ಶಿಕ್ಷಕರಿಗೆ ಹತ್ತಿರದ್ದು. ಪಾಠದ ಕೊನೆಯಲ್ಲಿ ತರಗತಿಗೆ ಒಗ್ಗುವ ಒಂದು ಚಟುವಟಿಕೆಯನ್ನೂ ಚರ್ಚೆಯ ಪ್ರಶ್ನೆಗಳನ್ನೂ ಕೊಡಲಾಗಿದೆ.

1. ಹಿನ್ನೆಲೆ: ಶನಿವಾರ ಯಾರದು?

ದೂರದರ್ಶನ ಮನೆಮನೆಗೆ ಬರುವ ಮೊದಲು ಬ್ರಿಟನ್ನಿನ ಮಕ್ಕಳ ಶನಿವಾರದ ಬೆಳಗು ಚಿತ್ರಮಂದಿರಕ್ಕೆ ಸೇರಿತ್ತು. ಊರೂರಿನ ಚಿತ್ರಮಂದಿರಗಳು ಆ ದಿನ ಬೆಳಗ್ಗೆ ಮಕ್ಕಳಿಗೆಂದೇ ಕಡಿಮೆ ದರದಲ್ಲಿ ಧಾರಾವಾಹಿ ಚಿತ್ರಗಳನ್ನೂ ಹಾಸ್ಯಚಿತ್ರಗಳನ್ನೂ ತೋರಿಸುತ್ತಿದ್ದವು. ಹಿರಿಯರಿಲ್ಲದ ಆ ಸಭಾಂಗಣದಲ್ಲಿ ಮಕ್ಕಳು ಕೂಗುತ್ತಿದ್ದರು, ಹಾಡುತ್ತಿದ್ದರು, ಖಳನಾಯಕನನ್ನು ಕಂಡರೆ ಒಟ್ಟಾಗಿ ಗದ್ದಲವೆಬ್ಬಿಸುತ್ತಿದ್ದರು. ದೂರದರ್ಶನ ಹರಡಿದಂತೆ ಈ ಬೆಳಗಿನ ಪ್ರದರ್ಶನಗಳು ಕ್ರಮೇಣ ಕ್ಷೀಣಿಸಿದವು.

ದೂರದರ್ಶನವಾದರೋ ಆರಂಭದಲ್ಲಿ ಮಕ್ಕಳ ವೇಳೆಯನ್ನು ಹಿರಿಯರ ಅನುಕೂಲಕ್ಕೆ ತಕ್ಕಂತೆ ಅಳೆಯಿತು. 1957ರವರೆಗೆ ಬ್ರಿಟನ್ನಿನಲ್ಲಿ ಸಂಜೆ 6ರಿಂದ 7ರವರೆಗೆ ಪ್ರಸಾರವೇ ಇರುತ್ತಿರಲಿಲ್ಲ. ಚಿಕ್ಕ ಮಕ್ಕಳನ್ನು ಮಲಗಿಸಲು ತಾಯಂದಿರಿಗೆ ಬಿಡುವಾಗಲಿ ಎಂಬುದು ಅದಕ್ಕೆ ಕೊಟ್ಟ ಕಾರಣ. 1957ರ ಫೆಬ್ರವರಿಯಲ್ಲಿ ಆ ನಿರ್ಬಂಧ ತೆಗೆದಾಗ, ತೆರವಾದ ಶನಿವಾರದ ವೇಳೆಯನ್ನು ಬಿಬಿಸಿ ಸಂಸ್ಥೆ ತರುಣರಿಗೆ ಮೀಸಲಾದ 'ಸಿಕ್ಸ್-ಫೈವ್ ಸ್ಪೆಷಲ್' ಎಂಬ ಸಂಗೀತ ಪ್ರಧಾನ ವಿವಿಧ ವಿನೋದಾವಳಿಗೆ ಕೊಟ್ಟಿತು. ಪ್ರಸಾರದ ವೇಳೆಯಾದ ಆರು ಗಂಟೆ ಐದು ನಿಮಿಷವೇ ಅದರ ಹೆಸರಾಯಿತು. ವಾರಾಂತ್ಯದ ವೇಳೆಯನ್ನು ಎಳೆಯರಿಗೆ ಬಿಟ್ಟುಕೊಡಬಹುದು, ಅವರು ಅದನ್ನು ತುಂಬಿಕೊಳ್ಳಬಲ್ಲರು ಎಂಬುದು ಅಂದು ತಿಳಿಯಿತು. ಆದರೂ ಶನಿವಾರದ ಬೆಳಗು ಬಹುಕಾಲ ಹಳೆಯ ಚಿತ್ರಗಳ ಮತ್ತು ಮರುಪ್ರಸಾರಗಳ ವೇಳೆಯಾಗಿಯೇ ಉಳಿಯಿತು. ಮಕ್ಕಳು ನೋಡುತ್ತಿದ್ದರು, ಅವರ ಧ್ವನಿಗೆ ಅಲ್ಲಿ ಸ್ಥಳವಿರಲಿಲ್ಲ.

2. ಅಂಗಡಿ ತೆರೆಯಿತು

1976ರ ಅಕ್ಟೋಬರ್ 2ರಂದು, ಶನಿವಾರ ಬೆಳಗ್ಗೆ, ಬಿಬಿಸಿಯ ಮೊದಲ ವಾಹಿನಿಯಲ್ಲಿ 'ಮಲ್ಟಿಕಲರ್ಡ್ ಸ್ವಾಪ್ ಶಾಪ್' ಎಂಬ ಕಾರ್ಯಕ್ರಮ ಆರಂಭವಾಯಿತು. ಸ್ವಾಪ್ ಎಂದರೆ ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವುದು, ಅದಲುಬದಲು. ಹಣದ ಮಾತಿಲ್ಲದೆ ಗೋಲಿಗೆ ಬುಗುರಿ, ಬುಗುರಿಗೆ ಬೆಂಕಿಪೊಟ್ಟಣದ ಚಿತ್ರ ಎಂದು ನಮ್ಮ ಶಾಲೆಗಳ ಅಂಗಳದಲ್ಲಿ ನಡೆಯುತ್ತಿದ್ದ ವ್ಯಾಪಾರವೇ ಅದು. ಆ ವ್ಯಾಪಾರವನ್ನು ಒಂದು ದೇಶದ ಅಳತೆಗೆ ಹಿಗ್ಗಿಸಿದ್ದು ಕಾರ್ಯಕ್ರಮದ ಮೂಲ ಕಲ್ಪನೆ.

ಸಂಪಾದಕಿಯಾಗಿದ್ದವರು ರೋಸ್‌ಮೇರಿ ಗಿಲ್. 1958ರಿಂದ ನಡೆದುಬಂದಿದ್ದ 'ಬ್ಲೂ ಪೀಟರ್' ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಅವರು ಪಳಗಿದ್ದರು. ನಿರೂಪಕ ನೋಯೆಲ್ ಎಡ್ಮಂಡ್ಸ್ ರೇಡಿಯೋದಲ್ಲಿ ಹೆಸರು ಮಾಡಿದ್ದ ತರುಣ. ಸ್ಟುಡಿಯೋದ ಹೊರಗೆ ಮಕ್ಕಳ ಗುಂಪುಗಳ ನಡುವೆ ನಿಂತು ಮಾತನಾಡುವ ಹೊಣೆ ಕೀತ್ ಚೆಗ್ವಿನ್ ಅವರದು. 1972ರಿಂದ ಮಕ್ಕಳಿಗೆಂದೇ ಪ್ರಸಾರವಾಗುತ್ತಿದ್ದ ವಾರ್ತಾ ಕಾರ್ಯಕ್ರಮವನ್ನು ನಡೆಸುತ್ತಿದ್ದ ಜಾನ್ ಕ್ರೇವನ್ ಇಲ್ಲಿಯೂ ಸುದ್ದಿಯ ಭಾಗವನ್ನು ನೋಡಿಕೊಂಡರು. ಮುಂದೆ ಮ್ಯಾಗಿ ಫಿಲ್ಬಿನ್ ಈ ಬಳಗವನ್ನು ಸೇರಿದರು. ಬೊಂಬೆ ಡೈನೊಸಾರ್ ಒಂದು ಕಾರ್ಯಕ್ರಮದ ಮುದ್ದಿನ ಪ್ರಾಣಿ. 'ಸ್ವಾಪ್ ಶಾಪ್' ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ಹಿಂದಿನಿಂದ ಮುಂದಕ್ಕೆ ಓದಿದರೆ ಹೆಚ್ಚುಕಡಿಮೆ ಆ ಬೊಂಬೆಯ ಹೆಸರು ಬರುತ್ತದೆ.

ಹೆಚ್ಚುಕಡಿಮೆ ಮೂರು ಗಂಟೆಗಳ ನೇರಪ್ರಸಾರದಲ್ಲಿ ಹಾಸ್ಯಚಿತ್ರ, ಸಂಗೀತ, ಅತಿಥಿಗಳೊಡನೆ ಮಾತುಕತೆ, ಸ್ಪರ್ಧೆ, ಸುದ್ದಿ ಎಲ್ಲವೂ ಬೆರೆತಿದ್ದವು. ಇವೆಲ್ಲ ಬೇರೆ ಕಾರ್ಯಕ್ರಮಗಳಲ್ಲೂ ಇದ್ದವು. ಹೊಸದಾದದ್ದು ನಿರೂಪಕನ ಮೇಜಿನ ಮೇಲಿದ್ದ ದೂರವಾಣಿ. ಮಕ್ಕಳು ಮನೆಯಿಂದಲೇ ಕರೆ ಮಾಡಿ ತಮ್ಮಲ್ಲಿ ಏನಿದೆ, ಅದಕ್ಕೆ ಬದಲಾಗಿ ಏನು ಬೇಕು ಎಂದು ಹೇಳುತ್ತಿದ್ದರು. ಆಯ್ದ ಹತ್ತು ವಿನಿಮಯಗಳ ಪಟ್ಟಿ ಹಲಗೆಯ ಮೇಲೆ ಕಾಣುತ್ತಿತ್ತು. ಪ್ರಸಿದ್ಧ ಗಾಯಕರೂ ನಟರೂ ಕ್ರೀಡಾಪಟುಗಳೂ ಬಂದಾಗ ಪ್ರಶ್ನೆ ಕೇಳುತ್ತಿದ್ದವರು ಪತ್ರಕರ್ತರಲ್ಲ, ಕರೆ ಮಾಡಿದ ಮಕ್ಕಳು. ಆ ದೂರವಾಣಿ ಸಂಖ್ಯೆಯನ್ನು ಅಂದಿನ ಮಕ್ಕಳು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡಿದ್ದರು.

ಇಲ್ಲಿ ಶಿಕ್ಷಕರು ಗಮನಿಸಬೇಕಾದ ಅಂಶವೊಂದಿದೆ. ಕರೆ ಮಾಡಿದ ಮಗು ಹೇಳಬೇಕಾಗಿದ್ದುದು ಎರಡೇ ವಾಕ್ಯ: "ನನ್ನ ಬಳಿ ಇದು ಇದೆ. ನನಗೆ ಅದು ಬೇಕು." ಎರಡೂ ಮಗು ತಾನೇ ಬಲ್ಲ ವಿಷಯಗಳು, ಸರಿ ತಪ್ಪುಗಳ ಪರೀಕ್ಷೆ ಅಲ್ಲಿಲ್ಲ. ತನ್ನ ಪೆಟ್ಟಿಗೆಯಲ್ಲಿರುವ ಆಟಿಕೆಯ ವಿಷಯದಲ್ಲಿ ಮಗುವೇ ತಜ್ಞ. ಅಪರಿಚಿತರ ಮುಂದೆ, ಇಡೀ ನಾಡು ಕೇಳುತ್ತಿರುವಾಗ, ಎಂಟು ಹತ್ತು ವರ್ಷದ ಮಕ್ಕಳು ಅಳುಕಿಲ್ಲದೆ ಮಾತನಾಡಿದ್ದಕ್ಕೆ ಈ ಸರಳತೆಯೇ ದೊಡ್ಡ ಕಾರಣವೆನ್ನಬಹುದು.

3. ಎದುರಂಗಡಿ

ಸ್ವಾಪ್ ಶಾಪ್‌ಗೆ ಎರಡು ವರ್ಷ ಮೊದಲೇ, 1974ರ ಜನವರಿ 5ರಂದು, ಬರ್ಮಿಂಗ್‌ಹ್ಯಾಮ್ ಕೇಂದ್ರವಾಗಿದ್ದ ಎಟಿವಿ ಎಂಬ ಖಾಸಗಿ ಪ್ರಸಾರ ಸಂಸ್ಥೆ ತನ್ನ ಪ್ರಾದೇಶಿಕ ವ್ಯಾಪ್ತಿಯಲ್ಲಿ 'ಟಿಸ್ವಾಸ್' ಎಂಬ ಕಾರ್ಯಕ್ರಮ ಆರಂಭಿಸಿತ್ತು. "ಇಂದು ಶನಿವಾರ, ನೋಡಿ ನಗಿ" ಎಂಬರ್ಥದ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳಿಂದ ಆ ಹೆಸರು ಹುಟ್ಟಿತು. ಹಾಸ್ಯಚಿತ್ರಗಳ ನಡುನಡುವಿನ ಬಿಡುವನ್ನು ತುಂಬುವ ಮಾತುಗಳಾಗಿ ಆರಂಭವಾದದ್ದು ಬೆಳೆದು, ಆ ಮಾತುಗಳೇ ಕಾರ್ಯಕ್ರಮವಾದವು. ಕ್ರಿಸ್ ಟ್ಯಾರಂಟ್, ಸ್ಯಾಲಿ ಜೇಮ್ಸ್, ಮುಂದೆ ದೊಡ್ಡ ಹಾಸ್ಯನಟನಾಗಿ ಬೆಳೆದ ಲೆನ್ನಿ ಹೆನ್ರಿ ಮೊದಲಾದವರು ಅದರಲ್ಲಿದ್ದರು.

ಎರಡರ ಸ್ವಭಾವ ಬೇರೆ ಬೇರೆ. ಸ್ವಾಪ್ ಶಾಪ್‌ನಲ್ಲಿ ಒಂದು ಅಚ್ಚುಕಟ್ಟಿತ್ತು. ಟಿಸ್ವಾಸ್‌ನಲ್ಲಿ ಗದ್ದಲವೇ ನಿಯಮ. ಬಕೆಟ್ಟುಗಟ್ಟಲೆ ನೀರು ಎರಚುವುದು, ಮುಖವಾಡಧಾರಿಯೊಬ್ಬ ಬಂದು ಅತಿಥಿಗಳ ಮುಖಕ್ಕೆ ಕೆನೆಯಂಥ ಸಿಹಿತಿಂಡಿ ಮೆತ್ತುವುದು, ಪಂಜರದೊಳಗೆ ಜನರನ್ನು ಕೂಡಿಹಾಕಿ ಮೇಲಿಂದ ನೀರು ಸುರಿಯುವುದು ಅಲ್ಲಿನ ನಿತ್ಯದ ಆಟಗಳು. ನಮ್ಮ ಓಕುಳಿಯ ದಿನ ಹಿರಿಯ ಕಿರಿಯರ ಭೇದ ಅಳಿಯುವಂತೆ ಅಲ್ಲಿಯೂ ಅರ್ಧ ದಿನದ ಮಟ್ಟಿಗೆ ಗೌರವದ ಗೋಡೆ ಬೀಳುತ್ತಿತ್ತು. ಅನೇಕ ಮನೆಗಳಲ್ಲಿ ಈ ಎರಡರಲ್ಲಿ ಯಾವುದನ್ನು ನೋಡಬೇಕು ಎಂಬುದೇ ಶನಿವಾರದ ಜಗಳ. ಶಿಸ್ತು ಬಯಸುವ ತಂದೆತಾಯಿಯರು ಮೊದಲನೆಯದನ್ನು ಮೆಚ್ಚಿದರೆ, ಅವರು ಮೆಚ್ಚುವುದಿಲ್ಲ ಎಂಬ ಕಾರಣಕ್ಕಾಗಿಯೇ ಹಲವು ಮಕ್ಕಳು ಎರಡನೆಯದನ್ನು ಬಯಸಿದರು.

ಟಿಸ್ವಾಸ್‌ನ ನಂತರದ ನಡಿಗೆಯಿಂದ ಕಲಿಯುವುದೂ ಇದೆ. ಅದರ ತುಂಟತನ ಹಿರಿಯರಿಗೂ ಹಿಡಿಸಿತು. ಮೊದಲು ಮಕ್ಕಳು ಕುಳಿತಿದ್ದ ಪಂಜರದಲ್ಲಿ ನೀರು ಸುರಿಸಿಕೊಳ್ಳಲು ವಯಸ್ಕರೂ ಬಂದು ಕುಳಿತರು. ಕ್ರಿಸ್ ಟ್ಯಾರಂಟ್ ಅದೇ ಬಗೆಯ ವಿನೋದವನ್ನು ವಯಸ್ಕರಿಗಾಗಿ ತಡರಾತ್ರಿಯ ಕಾರ್ಯಕ್ರಮವಾಗಿ ಮಾಡಲು ಹೊರಟುಹೋದರು. 1982ರ ಏಪ್ರಿಲ್ 3ರಂದು ಟಿಸ್ವಾಸ್ ಮುಗಿಯಿತು. ಮಕ್ಕಳಿಗೆಂದು ಕಟ್ಟಿದ ಜಗಲಿಯಲ್ಲಿ ಹಿರಿಯರು ಹೆಚ್ಚಾದಾಗ ಮಕ್ಕಳು ಅಂಚಿಗೆ ಸರಿಯುತ್ತಾರೆ. ಶಾಲೆಯ ವಾರ್ಷಿಕೋತ್ಸವಗಳನ್ನು ಕಂಡ ಶಿಕ್ಷಕರಿಗೆ ಈ ಮಾತಿಗೆ ಬೇರೆ ಪುರಾವೆ ಬೇಕಾಗದು.

4. ದೂರವಾಣಿ ಇಲ್ಲದ ಮನೆಯ ಮಗು

ಸ್ವಾಪ್ ಶಾಪ್‌ನ ದೂರವಾಣಿ ಎಲ್ಲ ಮಕ್ಕಳಿಗೂ ಬಾಗಿಲು ತೆರೆಯಲಿಲ್ಲ. 1970ರ ದಶಕದ ನಡುಭಾಗದಲ್ಲಿ ಬ್ರಿಟನ್ನಿನಲ್ಲಿಯೂ ಸರಿಸುಮಾರು ಅರ್ಧದಷ್ಟು ಮನೆಗಳಿಗೆ ದೂರವಾಣಿ ಇರಲಿಲ್ಲ. ಕರೆ ಮಾಡಿ ತನ್ನ ಆಟಿಕೆಯ ಬಗ್ಗೆ ಹೇಳಬಲ್ಲ ಮಗು ಈಗಾಗಲೇ ಸ್ವಲ್ಪ ಉಳ್ಳವರ ಮನೆಯ ಮಗು. ಬದಲಾಯಿಸಲು ಒಂದು ಹೆಚ್ಚುವರಿ ಆಟಿಕೆ ಇರುವುದೂ ಎಲ್ಲ ಮನೆಗಳ ಭಾಗ್ಯವಲ್ಲ. ಮಕ್ಕಳಿಗೆ ಧ್ವನಿ ಕೊಡುತ್ತೇವೆ ಎಂದಾಗ ಯಾವ ಮಕ್ಕಳಿಗೆ ಎಂಬ ಪ್ರಶ್ನೆ ಜೊತೆಗೇ ಬರುತ್ತದೆ.

ಈ ಕೊರತೆಯನ್ನು ಒಂದು ಮಟ್ಟಿಗೆ ತುಂಬಿದ್ದು 'ಸ್ವಾಪೊರಾಮ' ಎಂಬ ಹೊರಾಂಗಣ ಭಾಗ. ಪ್ರತಿ ವಾರ ಬೇರೊಂದು ಊರಿನ ಬಯಲಿನಲ್ಲಿ ಕೀತ್ ಚೆಗ್ವಿನ್ ನಿಲ್ಲುತ್ತಿದ್ದರು. ಸುತ್ತಲಿನ ಮಕ್ಕಳು ತಮ್ಮ ತಮ್ಮ ವಸ್ತುಗಳನ್ನು ಹಿಡಿದು ಬಂದು ಅಲ್ಲೇ ಮುಖಾಮುಖಿಯಾಗಿ ಅದಲುಬದಲು ಮಾಡಿಕೊಳ್ಳುತ್ತಿದ್ದರು. ಕೆಲವು ಕಡೆ ಸಾವಿರಕ್ಕೂ ಮಿಕ್ಕಿ ಮಕ್ಕಳು ಸೇರಿದ್ದುಂಟು. ನಮ್ಮ ಊರ ಸಂತೆಯನ್ನು ನೆನಪಿಸುವ ಈ ದೃಶ್ಯದಲ್ಲಿ ದೂರವಾಣಿ ಬೇಕಿರಲಿಲ್ಲ. ನಡೆದು ಬಂದರೆ ಸಾಕಿತ್ತು. ರಾಜಧಾನಿಯ ಸ್ಟುಡಿಯೋಗೆ ಮಕ್ಕಳು ಹೋಗುವ ಬದಲು ಕಾರ್ಯಕ್ರಮವೇ ಮಕ್ಕಳಿದ್ದಲ್ಲಿಗೆ ಬಂದಿತು. ದೂರದ ಊರಿನ ಉಚ್ಚಾರಣೆ, ಅಲ್ಲಿನ ಮಾತಿನ ಧಾಟಿ ತೆರೆಯ ಮೇಲೆ ಕೇಳಿಸಿತು.

ಆರು ಸರಣಿಗಳನ್ನು ಪೂರೈಸಿ ಸ್ವಾಪ್ ಶಾಪ್ 1982ರ ಮಾರ್ಚ್ 27ರಂದು ಮುಚ್ಚಿತು. ಒಂದೇ ವಾರದ ಅಂತರದಲ್ಲಿ ಅಂಗಡಿಯೂ ಎದುರಂಗಡಿಯೂ ಬಾಗಿಲು ಹಾಕಿದಂತಾಯಿತು.

5. ಉತ್ತರಾಧಿಕಾರಿಗಳು

ಮಾದರಿ ಮಾತ್ರ ಉಳಿಯಿತು. ಬಿಬಿಸಿಯಲ್ಲಿ 'ಸ್ಯಾಟರ್ಡೇ ಸೂಪರ್‌ಸ್ಟೋರ್' (1982-87), 'ಗೋಯಿಂಗ್ ಲೈವ್' (1987-93), 'ಲೈವ್ ಅಂಡ್ ಕಿಕಿಂಗ್' (1993-2001) ಒಂದರ ಹಿಂದೆ ಒಂದು ಬಂದವು. ಎಲ್ಲದರಲ್ಲೂ ದೂರವಾಣಿ ಇತ್ತು. ನೇರಪ್ರಸಾರದ ಅಪಾಯವೂ ಇತ್ತು: ಕರೆ ಮಾಡಿದ ಕಿಡಿಗೇಡಿಗಳು ಅತಿಥಿ ಗಾಯಕರನ್ನು ಬೈದ ಪ್ರಸಂಗಗಳು 1980ರ ದಶಕದಲ್ಲಿ ನಡೆದು ಸುದ್ದಿಯಾದವು. ಆದರೂ ದೂರವಾಣಿಯನ್ನು ಕಿತ್ತುಹಾಕಲಿಲ್ಲ.

ಕಿತ್ತುಹಾಕದಿದ್ದುದರ ಫಲ 1987ರಲ್ಲಿ ಕಂಡಿತು. ಸ್ಯಾಟರ್ಡೇ ಸೂಪರ್‌ಸ್ಟೋರ್‌ಗೆ ಅಂದಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅತಿಥಿಯಾಗಿ ಬಂದರು. ಮಕ್ಕಳ ಕಾರ್ಯಕ್ರಮವೆಂದರೆ ಹಗುರ ಮಾತುಕತೆ ಎಂದು ಅನೇಕರು ಎಣಿಸಿದ್ದಿರಬಹುದು. ಆದರೆ ಕರೆ ಮಾಡಿದ ಬಾಲಕಿಯೊಬ್ಬಳು, ಅಣುಯುದ್ಧ ನಡೆದರೆ ಪ್ರಧಾನಿಯವರು ಎಲ್ಲಿರುತ್ತಾರೆ ಎಂಬರ್ಥದ ಪ್ರಶ್ನೆ ಕೇಳಿದಳು. ಉತ್ತರ ಬೇರೆ ಕಡೆ ಹೊರಳಿದಾಗ ಅದೇ ಪ್ರಶ್ನೆಗೆ ಹಿಂದಿರುಗಿದಳು. ಆಟಿಕೆಯ ಅದಲುಬದಲಿಗೆಂದು ಇಟ್ಟ ದೂರವಾಣಿ ಹನ್ನೊಂದನೆಯ ವರ್ಷಕ್ಕೆ ಒಂದು ದೇಶದ ಪ್ರಧಾನಿಯನ್ನು ಪ್ರಶ್ನಿಸುವ ಸಾಧನವಾಗಿತ್ತು. ಸಣ್ಣ ಮಾತಿಗೆ ಜಾಗ ಕೊಟ್ಟಲ್ಲಿ ದೊಡ್ಡ ಮಾತೂ ಒಂದು ದಿನ ಬರುತ್ತದೆ. ಸಣ್ಣ ಮಾತನ್ನೇ ತಡೆದಲ್ಲಿ ದೊಡ್ಡದನ್ನು ನಿರೀಕ್ಷಿಸುವಂತಿಲ್ಲ.

2002ರಲ್ಲಿ ಬಿಬಿಸಿ ಮಕ್ಕಳಿಗೆಂದೇ ಎರಡು ಪ್ರತ್ಯೇಕ ವಾಹಿನಿಗಳನ್ನು ಆರಂಭಿಸಿತು. 2006ರಲ್ಲಿ ಶನಿವಾರ ಬೆಳಗಿನ ಮಕ್ಕಳ ವೇಳೆ ಮೊದಲ ವಾಹಿನಿಯಿಂದ ಎರಡನೆಯದಕ್ಕೆ ಸರಿಯಿತು. ಅಲ್ಲಿ ಅಡುಗೆಯ ಕಾರ್ಯಕ್ರಮ ನೆಲೆಯಾಯಿತು. ಮಕ್ಕಳಿಗೆ ಹೆಚ್ಚು ಗಂಟೆಗಳ ಪ್ರಸಾರ ಸಿಕ್ಕಿತು ನಿಜ. ಆದರೆ ಇಡೀ ಮನೆ, ಇಡೀ ನಾಡು ಒಂದೇ ಹೊತ್ತಿಗೆ ಮಕ್ಕಳ ಮಾತನ್ನು ಕೇಳುತ್ತಿದ್ದ ಆ ಬೆಳಗು ಮುಗಿಯಿತು.

6. ಮಕ್ಕಳ ನಗು ಯಾವ ಭಾಷೆಯಲ್ಲಿ?

ಇಲ್ಲಿಯವರೆಗಿನ ಇತಿಹಾಸದಲ್ಲಿ ಒಂದು ಮೌನವಿದೆ. ಕರೆ ಮಾಡಿದ ಮಕ್ಕಳೆಲ್ಲ ಇಂಗ್ಲಿಷಿನಲ್ಲಿ ಮಾತನಾಡಿದರು. ಅದೇ ಬ್ರಿಟನ್ನಿನ ಪಶ್ಚಿಮ ಭಾಗವಾದ ವೇಲ್ಸ್ ಪ್ರಾಂತದಲ್ಲಿ ಇಂಗ್ಲಿಷಿಗಿಂತ ಹಳೆಯದಾದ ವೆಲ್ಷ್ ಭಾಷೆಯಿದೆ. 1961ರ ಜನಗಣತಿಯಲ್ಲಿ ವೇಲ್ಸ್‌ನ ಜನರಲ್ಲಿ ಶೇಕಡ 26ರಷ್ಟು ಮಂದಿ ವೆಲ್ಷ್ ಆಡುತ್ತಿದ್ದರು. 1981ರ ಹೊತ್ತಿಗೆ ಅದು ಶೇಕಡ 19ಕ್ಕೆ ಇಳಿಯಿತು. ವೆಲ್ಷ್ ಮನೆಯ ಮಗು ಶಾಲೆಯಲ್ಲಿ ವೆಲ್ಷ್ ಕಲಿತರೂ, ಶನಿವಾರ ಬೆಳಗ್ಗೆ ಇಡೀ ನಾಡಿನ ಮಕ್ಕಳೊಡನೆ ನಕ್ಕದ್ದು ಇಂಗ್ಲಿಷಿನಲ್ಲಿ. ಮಗುವಿನ ಮನಸ್ಸಿನಲ್ಲಿ ಒಂದು ಭಾಷೆ ಪಾಠಕ್ಕೆ, ಇನ್ನೊಂದು ಆಟಕ್ಕೆ ಎಂಬ ಹಂಚಿಕೆ ಹೀಗೆ ಸದ್ದಿಲ್ಲದೆ ನಡೆಯುತ್ತದೆ. ಆಟವನ್ನು ಕಳೆದುಕೊಂಡ ಭಾಷೆ ಪಾಠದಲ್ಲಿ ಬಹುಕಾಲ ಉಳಿಯದು.

ಆ ಕಾಲದಲ್ಲಿ ವೆಲ್ಷ್ ಕಾರ್ಯಕ್ರಮಗಳು ಇಂಗ್ಲಿಷ್ ವಾಹಿನಿಗಳ ನಡುವೆ ಚದುರಿಹೋಗಿದ್ದವು. ಪ್ರತ್ಯೇಕ ವಾಹಿನಿ ಬೇಕೆಂಬ ಬೇಡಿಕೆಗೆ 1979ರಲ್ಲಿ ಭರವಸೆ ಸಿಕ್ಕಿತು. ಅದೇ ವರ್ಷ ಸರ್ಕಾರ ಹಿಂದೆ ಸರಿಯಿತು. ಅನೇಕರು ದೂರದರ್ಶನದ ಪರವಾನಗಿ ಶುಲ್ಕ ಕಟ್ಟಲು ನಿರಾಕರಿಸಿದರು. ವೆಲ್ಷ್ ರಾಜಕೀಯ ನಾಯಕ ಗ್ವಿನ್‌ಫೋರ್ ಎವಾನ್ಸ್ 1980ರ ಅಕ್ಟೋಬರ್‌ನಿಂದ ಆಮರಣ ಉಪವಾಸ ಮಾಡುವುದಾಗಿ ಸಾರಿದರು. ಉಪವಾಸ ಆರಂಭವಾಗುವ ಮೊದಲೇ, ಸೆಪ್ಟೆಂಬರ್ 17ರಂದು, ಸರ್ಕಾರ ಮಣಿಯಿತು. 1982ರ ನವೆಂಬರ್ 1ರಂದು ಎಸ್‌ಫೋರ್‌ಸಿ ಎಂಬ ವೆಲ್ಷ್ ವಾಹಿನಿ ಪ್ರಸಾರ ಆರಂಭಿಸಿತು. 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ಎಳೆದ ಗೆರೆಗಳ ಆಚೆ ಉಳಿದ ಕನ್ನಡಿಗರಿಗೆ ಆ ದಿನಾಂಕವನ್ನು ಮರೆಯುವುದು ಕಷ್ಟ. ಎರಡಕ್ಕೂ ಸಂಬಂಧವಿಲ್ಲ, ಕೇವಲ ಕಾಕತಾಳೀಯ.

ಉಪವಾಸದ ಮಾತಿನವರೆಗೆ ಹೋದ ಹೋರಾಟದಿಂದ ಬಂದ ಆ ವಾಹಿನಿ ಮೊದಲ ರಾತ್ರಿಯೇ ಮಕ್ಕಳ ವ್ಯಂಗ್ಯಚಲನಚಿತ್ರವನ್ನು ತೋರಿಸಿತು. ಅದರ ಹೆಸರು 'ಸೂಪರ್‌ಟೆಡ್'. ಕತ್ತಲೆಗೆ ಹೆದರುತ್ತಿದ್ದ ತನ್ನ ಮಗನಿಗೆ ಮೈಕ್ ಯಂಗ್ ಎಂಬ ತಂದೆ ಹೇಳುತ್ತಿದ್ದ ಕರಡಿಮರಿಯ ಕತೆಗಳು ಅದರ ಮೂಲ. ವೆಲ್ಷ್‌ನಲ್ಲಿ ಮೊದಲು ಕಾಣಿಸಿಕೊಂಡ ಆ ಕರಡಿಮರಿ ಮುಂದೆ ಇಂಗ್ಲಿಷಿಗೂ ಬೇರೆ ಹಲವು ಭಾಷೆಗಳಿಗೂ ಹೋಯಿತು. 2010ರ ದಶಕದಲ್ಲಿ ಅದೇ ವಾಹಿನಿಯಲ್ಲಿ ಶನಿವಾರ ಬೆಳಗಿನ ನೇರಪ್ರಸಾರದ ವಿನೋದಾವಳಿಯೂ ಬಂದಿತು. 'ಸಾದುರ್ನ್' ಅಂದರೆ ಶನಿವಾರ ಎಂಬ ವೆಲ್ಷ್ ಪದವೇ ಅದರ ಹೆಸರಿನಲ್ಲಿತ್ತು. ಸ್ವಾಪ್ ಶಾಪ್ ಇಂಗ್ಲಿಷಿನಲ್ಲಿ ತೆರೆದಂಥ ಬಾಗಿಲು ವೆಲ್ಷ್‌ನಲ್ಲಿಯೂ ತೆರೆಯಿತು.

7. ಅದೇ ಕಾಲದಲ್ಲಿ ಕನ್ನಡ

ಸ್ವಾಪ್ ಶಾಪ್ ಆರಂಭವಾಗುವುದಕ್ಕೆ ಎರಡು ತಿಂಗಳು ಮೊದಲಷ್ಟೇ ಕನ್ನಡದ ಹಳ್ಳಿಗಳಲ್ಲಿ ಒಂದು ದೊಡ್ಡ ಪ್ರಯೋಗ ಮುಗಿದಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು, 6 ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನವನ್ನು ತಲುಪಿಸಲಾಯಿತು. ಇಂಗ್ಲಿಷ್ ಮೊದಲಕ್ಷರಗಳಿಂದ 'ಸೈಟ್' ಎಂದು ಹೆಸರಾದ ಈ ಯೋಜನೆಯಲ್ಲಿ ಹಿಂದಿ, ಒಡಿಯಾ, ತೆಲುಗು ಭಾಷೆಗಳೊಡನೆ ಕನ್ನಡವೂ ಇತ್ತು. ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು, ಎಂದರೆ ಜತ್ತ, ಅಕ್ಕಲಕೋಟೆ, ಆದೋನಿಗಳ ನೆರೆಯ ನೆಲ, ಇದರಲ್ಲಿ ಸೇರಿದ್ದವು. ಬೆಳಗಿನ ಪ್ರಸಾರ ಶಾಲೆಯ ಮಕ್ಕಳಿಗೇ ಮೀಸಲು. ಎಷ್ಟೋ ಮಕ್ಕಳಿಗೆ ಅದೇ ಮೊದಲ ದೂರದರ್ಶನ, ಅದೂ ಕನ್ನಡದಲ್ಲಿ.

ಇದು ಸಣ್ಣ ಸಾಧನೆಯಲ್ಲ. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಹಳ್ಳಿಯ ಪೆಟ್ಟಿಗೆ ಮಾತನಾಡಿತು. ಅದರ ಮುಂದೆ ಕುಳಿತ ಮಗುವಿಗೆ ಮರಳಿ ಮಾತನಾಡುವ ದಾರಿ ಇರಲಿಲ್ಲ. ಲಂಡನ್ನಿನ ಅಂಗಡಿಯಲ್ಲಿ ದಾರಿ ಇತ್ತು, ಆದರೆ ದೂರವಾಣಿ ಇದ್ದವರಿಗೆ ಹೆಚ್ಚು. ಭಾಷೆ ತನ್ನದಾಗಿರಬೇಕು, ಮಾತು ಎರಡೂ ಕಡೆಯಿಂದ ಹರಿಯಬೇಕು, ಬಾಗಿಲು ಎಲ್ಲರಿಗೂ ತೆರೆದಿರಬೇಕು. ಈ ಮೂರೂ ಒಂದೇ ಕಡೆ ಕೂಡಿಬರಬಲ್ಲ ಸ್ಥಳ ಯಾವುದು ಎಂದು ಹುಡುಕಿದರೆ, ಅದು ಕನ್ನಡ ಶಾಲೆಯ ತರಗತಿಯ ಕೋಣೆಯೇ. ಮನೆಯ ಟಿ.ವಿ. ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿ ನಗಿಸುವಾಗ, ಕನ್ನಡದಲ್ಲಿ ನಗಲು ಮಗುವಿಗೆ ಉಳಿದಿರುವ ಜಾಗ ಕೆಲವೆಡೆ ಅದೊಂದೇ.

8. ತರಗತಿಯ ಚಟುವಟಿಕೆ: ನಮ್ಮ ಅದಲುಬದಲಿನ ಅಂಗಡಿ

ವೇಳೆ: ವಾರಕ್ಕೊಮ್ಮೆ ಒಂದು ಅವಧಿ. ಶನಿವಾರ ಶಾಲೆ ಇರುವಲ್ಲಿ ಅಂದು, ಇಲ್ಲದಿರುವಲ್ಲಿ ಶುಕ್ರವಾರದ ಕೊನೆಯ ಅವಧಿ.

ಸಾಮಗ್ರಿ: ಕರಿಹಲಗೆ, ಸೀಮೆಸುಣ್ಣ, ಮಕ್ಕಳು ತರುವ ವಸ್ತುಗಳು. ಬೇರೇನೂ ಬೇಡ.

ಮೊದಲ ಹೆಜ್ಜೆ. ಕರಿಹಲಗೆಯಲ್ಲಿ "ನನ್ನ ಬಳಿ ಇದೆ", "ನನಗೆ ಬೇಕು" ಎಂಬ ಎರಡು ಕಲಮುಗಳನ್ನು ಬರೆಯಬೇಕು. ಪ್ರತಿ ಮಗುವೂ ಎದ್ದುನಿಂತು ಈ ಎರಡು ವಾಕ್ಯಗಳನ್ನು ಪೂರ್ಣಗೊಳಿಸಬೇಕು. ಕಾಸರಗೋಡಿನ ಹವ್ಯಕ ಮನೆಯ ಮಗು "ಎನಗೆ" ಎಂದೀತು. ಅಕ್ಕಲಕೋಟೆಯ ಮಗು "ನನಗ" ಎಂದೀತು. ಎರಡನ್ನೂ ಹಲಗೆಯ ಮೇಲೆ ಹಾಗೆಯೇ ಬರೆದು, ಪಕ್ಕದಲ್ಲಿ "ನನಗೆ" ಎಂದು ಬರೆಯಬೇಕು. "ಎನಗೆ" ಎಂಬುದು ವಚನಕಾರರೂ ದಾಸರೂ ಬಳಸಿದ ರೂಪವೆಂದು ತಿಳಿಸಿದರೆ, ಮಗು ತನ್ನ ಮನೆಮಾತಿಗೆ ನಾಚುವುದನ್ನು ಬಿಡುತ್ತದೆ.

ಎರಡನೆಯ ಹೆಜ್ಜೆ. ಹಣ ಕೊಟ್ಟು ತಂದ ವಸ್ತು ಅಂಗಡಿಗೆ ಬರುವಂತಿಲ್ಲ ಎಂಬ ನಿಯಮ ಇರಲಿ. ಹುಣಸೆಬೀಜ, ಕವಡೆ, ಹಕ್ಕಿಯ ಗರಿ, ಹೂವಿನ ಬೀಜ, ಕೈಯಾರೆ ಮಾಡಿದ ಕಾಗದದ ದೋಣಿ ಬರಬಹುದು. ಏನೂ ಇಲ್ಲದ ಮಗು ಒಂದು ಒಗಟನ್ನೋ ಗಾದೆಯನ್ನೋ ಅಜ್ಜಿ ಹೇಳಿದ ಕತೆಯನ್ನೋ ತರಬಹುದು. ಅದಕ್ಕೂ ಬದಲಾಗಿ ವಸ್ತು ಪಡೆಯಬಹುದು. ದೂರವಾಣಿ ಇಲ್ಲದ ಮನೆಯ ಮಗುವಿನ ಪ್ರಶ್ನೆಗೆ ತರಗತಿ ಕೊಡುವ ಉತ್ತರ ಇದು. ಒಗಟಿಗೆ ಬೆಲೆ ಬಂದ ಕಡೆ ಅಜ್ಜಿಯ ಕನ್ನಡಕ್ಕೂ ಬೆಲೆ ಬರುತ್ತದೆ.

ಮೂರನೆಯ ಹೆಜ್ಜೆ. ಇಬ್ಬರು ನಿರೂಪಕರು, ಒಬ್ಬ ವಾರ್ತೆ ಓದುವವರು, ಉಳಿದವರು ಕರೆ ಮಾಡುವವರು ಎಂದು ಪಾತ್ರ ಹಂಚಬೇಕು. ಪಾತ್ರಗಳು ಪ್ರತಿ ವಾರ ಬದಲಾಗಬೇಕು. ವಾರ್ತೆ ಊರಿನದಾಗಿರಲಿ: ಕೆರೆ ತುಂಬಿತು, ಬಸ್ಸು ಬರಲಿಲ್ಲ, ಎಮ್ಮೆ ಕರು ಹಾಕಿತು. ತಿಂಗಳಿಗೊಮ್ಮೆ ಊರಿನವರೊಬ್ಬರನ್ನು, ಅಂಚೆಯವರನ್ನೋ ದಾದಿಯನ್ನೋ ಪಂಚಾಯಿತಿ ಸದಸ್ಯರನ್ನೋ ಕರೆದು ಮಕ್ಕಳಿಂದಲೇ ಪ್ರಶ್ನೆ ಕೇಳಿಸಬೇಕು. ಪ್ರಶ್ನೆಗಳನ್ನು ಶಿಕ್ಷಕರು ಬರೆದುಕೊಡಬಾರದು.

ನಾಲ್ಕನೆಯ ಹೆಜ್ಜೆ. ಬೊಂಬೆಯ ಹೆಸರಿನ ಹಿಂದುಮುಂದಿನ ಆಟವನ್ನು ಕನ್ನಡದಲ್ಲಿ ಆಡಿಸಬಹುದು. ಎರಡೂ ಕಡೆಯಿಂದ ಒಂದೇ ಆಗಿ ಓದಿಸಿಕೊಳ್ಳುವ "ವಿಕಟಕವಿ", "ಕುಬೇರನಿಗೇನಿರಬೇಕು" ಮೊದಲಾದವನ್ನು ಕೊಟ್ಟು, ಅಂಥವನ್ನು ಹುಡುಕಿ ತರಲು ಹೇಳಬೇಕು. ಅಕ್ಷರ ಮತ್ತು ಗುಣಿತಾಕ್ಷರಗಳ ಅಭ್ಯಾಸ ಇದರಲ್ಲೇ ಆಗುತ್ತದೆ.

ಐದನೆಯ ಹೆಜ್ಜೆ. ಅವಕಾಶವಿದ್ದರೆ ಬೇರೆ ಗಡಿಯ ಕನ್ನಡ ಶಾಲೆಯೊಂದರ ಜೊತೆ ಅಂಚೆಯ ಮೂಲಕ ಅದಲುಬದಲು ನಡೆಸಬಹುದು. ಕಾಸರಗೋಡಿನ ಮಕ್ಕಳು ಚೆನ್ನೆಮಣೆ ಆಡುವ ಕ್ರಮವನ್ನು ಬರೆದು ಕಳಿಸಿದರೆ, ಜತ್ತದ ಮಕ್ಕಳು ಜೋಳದ ರೊಟ್ಟಿ ಬಡಿಯುವ ಕ್ರಮವನ್ನು ಬರೆದು ಕಳಿಸಬಹುದು. ಒಂದೇ ಭಾಷೆಯನ್ನು ಇಷ್ಟು ದೂರದ ಮಕ್ಕಳೂ ಆಡುತ್ತಾರೆ ಎಂಬ ಅರಿವು ಪಾಠದಿಂದ ಬರುವುದಕ್ಕಿಂತ ಅಂತಹ ಒಂದು ಕಾಗದದಿಂದ ಬೇಗ ಬರುತ್ತದೆ.

ಶಿಕ್ಷಕರಿಗೆ ಸೂಚನೆ. ಮಗು ಮಾತನಾಡುತ್ತಿರುವಾಗ ನಡುವೆ ತಿದ್ದಬಾರದು. ನೆರೆಭಾಷೆಯ ಪದ ಬಂದರೆ ಅದನ್ನು ಗುರುತು ಮಾಡಿಕೊಂಡು, ಅವಧಿಯ ಕೊನೆಯಲ್ಲಿ "ಇದಕ್ಕೆ ಬದಲಾಗಿ ಯಾವ ಕನ್ನಡ ಪದ ಕೊಡುತ್ತೀರಿ?" ಎಂದು ಇಡೀ ತರಗತಿಯನ್ನು ಕೇಳಬೇಕು, ಅದೂ ಒಂದು ಅದಲುಬದಲೇ. ಅಂಕ ಕೊಡುವ ಅಗತ್ಯವಿಲ್ಲ. ಶಿಕ್ಷಕರು ತಮ್ಮ ಪುಸ್ತಕದಲ್ಲಿ ದಾಖಲಿಸಬೇಕಾದುದು ಒಂದೇ: ಈ ವಾರ ಮಾತನಾಡದೆ ಉಳಿದ ಮಕ್ಕಳು ಯಾರು? ಮುಂದಿನ ವಾರ ಅಂಗಡಿ ತೆರೆಯಬೇಕಾದುದು ಆ ಹೆಸರುಗಳಿಂದ.

9. ಚರ್ಚೆಗೆ ಪ್ರಶ್ನೆಗಳು

1. ದೂರವಾಣಿಯ ಕರೆಗೂ ಬಯಲಿನ ಅದಲುಬದಲಿಗೂ ಇದ್ದ ವ್ಯತ್ಯಾಸವೇನು? ಯಾರಿಗೆ ಯಾವುದು ಅನುಕೂಲವಾಯಿತು?

2. ಸ್ವಾಪ್ ಶಾಪ್ ಮತ್ತು ಟಿಸ್ವಾಸ್‌ಗಳಲ್ಲಿ ನೀವು ಯಾವುದನ್ನು ನೋಡುತ್ತಿದ್ದಿರಿ? ಮನೆಯ ಹಿರಿಯರು ಏನೆನ್ನುತ್ತಿದ್ದರು?

3. ಪ್ರಧಾನಿಯನ್ನು ಪ್ರಶ್ನಿಸಿದ ಬಾಲಕಿಯ ಜಾಗದಲ್ಲಿ ನೀವಿದ್ದರೆ ಯಾರನ್ನು, ಏನು ಕೇಳುತ್ತಿದ್ದಿರಿ?

4. ವೆಲ್ಷ್ ವಾಹಿನಿ ತನ್ನ ಮೊದಲ ರಾತ್ರಿ ಮಕ್ಕಳ ಕತೆಯನ್ನು ಏಕೆ ತೋರಿಸಿರಬಹುದು?

5. ನಿಮ್ಮ ಮನೆಯಲ್ಲಿ ಟಿ.ವಿ. ಯಾವ ಭಾಷೆಯಲ್ಲಿ ಮಾತನಾಡುತ್ತದೆ? ನೀವು ಕನ್ನಡದಲ್ಲಿ ಜೋರಾಗಿ ನಕ್ಕದ್ದು ಕಳೆದ ಬಾರಿ ಯಾವಾಗ, ಯಾರೊಡನೆ?

ಕೊನೆಯ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರಗಳನ್ನು ಶಿಕ್ಷಕರು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ವರ್ಷದ ಕೊನೆಯಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಬೇಕು. "ಶಾಲೆಯಲ್ಲಿ, ಕಳೆದ ವಾರ, ನಮ್ಮ ಅಂಗಡಿಯಲ್ಲಿ" ಎಂಬ ಉತ್ತರ ಕೆಲವರಿಂದಲಾದರೂ ಬಂದರೆ ಈ ಪಾಠ ತನ್ನ ಕೆಲಸ ಮಾಡಿದೆ ಎಂದು ತಿಳಿಯಬಹುದು.